ಫೋಟೋಗೆ ಸಿಕ್ಕರೂ ಹೆಸರಿಗೆ ಸಿಗದ ಹಕ್ಕಿ

ಮೇ ತಿಂಗಳ ಮೊದಲ ಎರಡು ವಾರ ಓಹಾಯೋ ರಾಜ್ಯದ ಹಕ್ಕಿ ಹುಚ್ಚರು ಮನೆಯಲ್ಲಿ ಸಿಗುವುದಿಲ್ಲ. ಈರಿ ಸರೋವರದ ದಂಡೆಯಲ್ಲಿ ಮಗೀ ಮಾರ್ಷ್ ಅಂತ ಒಂದು ಜಾಗ ಇದೆ. ಅಲ್ಲಿನ ಹಲಗೆ ಹಾಸಿದ ಕಾಲುದಾರಿಯ ಮೇಲೆ ದೇಶದ ಎಲ್ಲ ಕಡೆಯಿಂದ ಬಂದ ಜನ ಭುಜಕ್ಕೆ ಭುಜ ತಾಗಿಸಿಕೊಂಡು ನಿಂತಿರುತ್ತಾರೆ. ಎಲ್ಲ ವಾರ್ಬ್ಲರ್‌ಗಳಿಗಾಗಿ. ಬೆಂಕಿ ಬಣ್ಣದ ಗಂಟಲಿನ ಬ್ಲ್ಯಾಕ್‌ಬರ್ನಿಯನ್, ಕೊರಳಿಗೆ ಕರಿಮಣಿ ಹಾಕಿಕೊಂಡಂತಿರುವ ಕೆನಡಾ, ಹೀಗೆ ಒಂದಕ್ಕಿಂತ ಒಂದು ಚೆಂದದ ಹಕ್ಕಿಗಳು ದಕ್ಷಿಣದಿಂದ ರಾತ್ರಿಯೆಲ್ಲ ಹಾರಿ ಬಂದು, ಸರೋವರ ದಾಟುವ ಮುಂಚೆ ಇಲ್ಲಿ ಇಳಿದು ಹೊಟ್ಟೆ ತುಂಬಿಸಿಕೊಳ್ಳುತ್ತವೆ. ಆ ಗದ್ದಲದಲ್ಲಿ ಯಾರೋ ಒಬ್ಬರು "ಅಲ್ಲೊಂದು ಎಂಪಿಡ್" ಅನ್ನುತ್ತಾರೆ. ಒಬ್ಬಿಬ್ಬರು ದುರ್ಬೀನು ಎತ್ತುತ್ತಾರೆ. ಉಳಿದವರು ನಕ್ಕು ಮತ್ತೆ ವಾರ್ಬ್ಲರ್ ಕಡೆಗೇ ತಿರುಗುತ್ತಾರೆ.

ಆ ನಗುವಿಗೆ ಕಾರಣ ಇದೆ. ಎಂಪಿಡ್ ಅನ್ನೋದು ಎಂಪಿಡೊನ್ಯಾಕ್ಸ್ ಎಂಬ ಕುಲಕ್ಕೆ ಇಲ್ಲಿನವರು ಇಟ್ಟುಕೊಂಡಿರುವ ಚಿಕ್ಕ ಹೆಸರು. ಸುಮಾರು 15 ಪ್ರಭೇದಗಳು, ಎಲ್ಲವೂ ಅಮೆರಿಕ ಖಂಡಗಳವೇ. ಪೂರ್ವ ಭಾಗದಲ್ಲಿ ಮಾಮೂಲಾಗಿ ಸಿಗುವುದು ಐದು: ಲೀಸ್ಟ್, ವಿಲ್ಲೋ, ಆಲ್ಡರ್, ಅಕೇಡಿಯನ್, ಯೆಲ್ಲೋ-ಬೆಲ್ಲೀಡ್. ಎಲ್ಲದರ ಹಿಂದೆಯೂ ಫ್ಲೈಕ್ಯಾಚರ್ ಅನ್ನೋ ಬಾಲ. ಬೆನ್ನು ಹಸಿರು ಬೆರೆತ ಬೂದು. ಹೊಟ್ಟೆ ಮಾಸಲು ಬಿಳಿ, ಇಲ್ಲಾ ತೆಳು ಹಳದಿ. ರೆಕ್ಕೆಯ ಮೇಲೆ ಎರಡು ತಿಳಿ ಪಟ್ಟಿ. ಕಣ್ಣಿನ ಸುತ್ತ ಒಂದು ಉಂಗುರ, ಇದ್ದರೆ ಇದೆ, ಇಲ್ಲದಿದ್ದರೆ ಇಲ್ಲ. ತೂಕ 10ರಿಂದ 14 ಗ್ರಾಂ ಆಸುಪಾಸು. ಗಂಡು ಹೆಣ್ಣು ಎರಡೂ ಒಂದೇ ಥರ. ಕೊಂಬೆ ತುದಿಯಲ್ಲಿ ನೆಟ್ಟಗೆ ಕೂತು, ಬಾಲ ಕುಣಿಸಿ, ಪುರ್ರಂತ ಹಾರಿ ಒಂದು ಹುಳ ಹಿಡಿದು ಮತ್ತೆ ಕೂರುತ್ತದೆ. ವಿವರಣೆ ಮುಗಿಯಿತು. ಐದರಲ್ಲಿ ಯಾವುದನ್ನು ವಿವರಿಸಿದೆ ಅಂತ ಕೇಳಿದರೆ, ಐದನ್ನೂ.

ಊರ ಕಡೆ ಓದುವವರಿಗೆ ಒಂದು ಮಾತು. ನಮ್ಮ ನೊಣಹಿಡುಕಗಳಿಗೂ ಇವಕ್ಕೂ ನೆಂಟಸ್ತನ ಇಲ್ಲ. ಚಳಿಗಾಲದಲ್ಲಿ ಬೆಂಗಳೂರಿನ ಪಾರ್ಕುಗಳಿಗೆ ಬರುವ ಕಂದು ನೊಣಹಿಡುಕ ಬೇರೆ ಕುಟುಂಬದ್ದು. ಇಲ್ಲಿನವು ಟಿರಾನಿಡೇ ಕುಟುಂಬದವು. ಅದರಲ್ಲಿ 400ಕ್ಕೂ ಜಾಸ್ತಿ ಪ್ರಭೇದಗಳಿವೆ, ಒಂದೂ ಅಟ್ಲಾಂಟಿಕ್ ದಾಟಿ ನಿಮ್ಮ ಕಡೆ ಇಲ್ಲ. ಯುರೋಪಿನಿಂದ ಬಂದವರು ಹುಳ ಹಿಡಿಯೋ ರೀತಿ ನೋಡಿ ತಮ್ಮ ಊರಿನ ಹಕ್ಕಿಯ ಹೆಸರನ್ನೇ ಇಟ್ಟುಬಿಟ್ಟರು, ಅಷ್ಟೆ. ಬೇರೆ ಕುಟುಂಬ ಅನ್ನೋದು ಸುಮ್ನೆ ಪುಸ್ತಕದ ವಿಷಯ ಅಲ್ಲ. ಈ ಹಕ್ಕಿಯನ್ನು ಗುರುತಿಸುವ ಇಡೀ ಪಾಡು ಅದರ ಮೇಲೇ ನಿಂತಿದೆ. ಮುಂದೆ ಹೇಳುತ್ತೇನೆ.

ಕರ್ನಾಟಕದಲ್ಲಿ ಈಗ ಹಕ್ಕಿ ನೋಡುವುದು ಅಂದರೆ ಹಕ್ಕಿ ಹೊಡೆಯುವುದು, ಕ್ಯಾಮೆರಾದಿಂದ. ಮೊದಲು ಕ್ಲಿಕ್, ಹೆಸರು ಆಮೇಲೆ. ಚಿತ್ರವನ್ನು ವಾಟ್ಸಾಪ್ ಗುಂಪಿಗೆ ಹಾಕಿದರೆ ಸಂಜೆಯೊಳಗೆ ಯಾರೋ ಒಬ್ಬರು ಹೇಳುತ್ತಾರೆ. ಫೋಟೋ ಇದ್ದರೆ ಸಾಕ್ಷಿ ಇದ್ದ ಹಾಗೆ, ಇಲ್ಲದಿದ್ದರೆ ಕಥೆ ಹೇಳಬೇಡ ಅನ್ನೋ ಧೋರಣೆ. ನಾನೂ ಅದೇ ಗರಡಿಯಲ್ಲಿ ಕಲಿತವನು, ದೂರುತ್ತಿಲ್ಲ. ಆದರೆ ಆ ಪದ್ಧತಿಯನ್ನು ಹಿಡಿದುಕೊಂಡು ಎಂಪಿಡ್ ಹತ್ತಿರ ಹೋದರೆ, ಲಕ್ಷಗಟ್ಟಲೆ ಬೆಲೆಯ ಲೆನ್ಸ್‌ನಲ್ಲಿ ಒಂದೊಂದು ಗರಿಯೂ ಎಣಿಸೋಹಾಗೆ ತೆಗೆದ ಚಿತ್ರ ಕೈಯಲ್ಲಿದ್ದರೂ ಹೆಸರಿನ ಜಾಗ ಖಾಲಿ ಇರುತ್ತದೆ. ಜೇಬಿನಲ್ಲಿರುವ ಫೋನಿನಲ್ಲಿ ಮಾಡಿದ, ಗಾಳಿ ಸದ್ದು ತುಂಬಿದ ಹತ್ತು ಸೆಕೆಂಡಿನ ರೆಕಾರ್ಡಿಂಗ್ ಆ ಜಾಗವನ್ನು ತುಂಬಿಸುತ್ತದೆ. ಇದು ನನ್ನ ಹಟ ಅಂದುಕೊಳ್ಳಬೇಡಿ. ಇಲ್ಲಿನ ಕಾನೂನೂ ಹಾಗೇ ಹೇಳುವ ಒಂದು ಪ್ರಸಂಗ ಇದೆ, ಅದಕ್ಕೂ ಬರುತ್ತೇನೆ.

ಕಣ್ಣಿಗೆ ಕೆಲಸವೇ ಇಲ್ಲ ಅಂತಲ್ಲ. ಮೊದಲು ಎಂಪಿಡ್ ಹೌದೋ ಅಲ್ಲವೋ ಅಂತ ನೋಡಬೇಕಲ್ಲ. ಇದೇ ಕಾಡಿನಲ್ಲಿ ಪೀವೀ ಇದೆ. ಸ್ವಲ್ಪ ದೊಡ್ಡದು, ಕಪ್ಪಗೆ ಕಾಣುತ್ತದೆ, ರೆಕ್ಕೆ ಉದ್ದ, ಕಣ್ಣಿಗೆ ಉಂಗುರ ಇಲ್ಲ ಅನ್ನಬೇಕು. ಕೂತಾಗ ಬಾಲ ಕುಣಿಸುವುದಿಲ್ಲ. ಫೀಬಿ ಇನ್ನೊಂದು. ಸೇತುವೆ ಕೆಳಗೆ, ಮನೆ ಸೂರಿನ ಕೆಳಗೆ ಗೂಡು ಕಟ್ಟುತ್ತದೆ, ಮಾರ್ಚ್‌ನಲ್ಲೇ ಬರುತ್ತದೆ, ಬಾಲವನ್ನು ನಿಧಾನಕ್ಕೆ ಕೆಳಗಿಳಿಸಿ ಮೇಲೆತ್ತುತ್ತದೆ. ಇವೆರಡನ್ನು ತೆಗೆದು ಪಕ್ಕಕ್ಕಿಟ್ಟ ಮೇಲೆ ಉಳಿದದ್ದು ಎಂಪಿಡ್.

ಉಳಿದ ಐದರಲ್ಲಿ ಮೂರಕ್ಕೆ ಕಣ್ಣು ಅಷ್ಟೋ ಇಷ್ಟೋ ದಾರಿ ತೋರಿಸುತ್ತದೆ. ಲೀಸ್ಟ್ ಎಲ್ಲಕ್ಕಿಂತ ಚಿಕ್ಕದು. ತಲೆ ದೊಡ್ಡದಾಗಿ ಕಾಣುತ್ತದೆ, ಕಣ್ಣಿನ ಉಂಗುರ ಎದ್ದು ಹೊಡೆಯುತ್ತದೆ, ರೆಕ್ಕೆ ತುದಿ ಗಿಡ್ಡ. ಅಕೇಡಿಯನ್‌ಗೆ ಇದರ ಉಲ್ಟಾ. ರೆಕ್ಕೆ ತುದಿ ಉದ್ದಕ್ಕೆ ಚಾಚಿಕೊಂಡಿರುತ್ತದೆ, ಕೊಕ್ಕು ಅಗಲ, ಬೆನ್ನಿನ ಹಸಿರು ಜಾಸ್ತಿ. ಯೆಲ್ಲೋ-ಬೆಲ್ಲೀಡ್‌ಗೆ ಗಂಟಲಿನವರೆಗೂ ಹಳದಿ. ಹೇಳೋದಕ್ಕೆ ಸುಲಭ. ಈಗ ಇದೇ ಲೀಸ್ಟ್ ಹಕ್ಕಿಯನ್ನು ಬೆಳಗಿನ ಬಿಸಿಲಲ್ಲಿ ಹೊಸ ಚಿಗುರಿನ ನಡುವೆ ಕೂರಿಸಿ. ಎಲೆಯ ಹಸಿರು ಅದರ ಬೆನ್ನಿಗೆ ಬಂತು, ಹೊಟ್ಟೆಗೂ ಬಂತು. ಮೋಡ ಕವಿಯಲಿ, ಬೂದು ಬಣ್ಣವಾಯಿತು. ಜುಲೈವರೆಗೆ ಕಾಯಿರಿ, ಗರಿ ಸವೆದು ರೆಕ್ಕೆ ಪಟ್ಟಿ ತೆಳುವಾಗಿ, ಬಣ್ಣ ಮಾಸಿ ಬೇರೆಯೇ ಹಕ್ಕಿ. ಪುಸ್ತಕದ ಚಿತ್ರದಲ್ಲಿ ಐದನ್ನೂ ಒಂದೇ ಬೆಳಕಿನಲ್ಲಿ, ಒಂದೇ ಭಂಗಿಯಲ್ಲಿ, ಸಾಲಾಗಿ ಕೂರಿಸಿರುತ್ತಾರೆ. ಹಕ್ಕಿಗಳು ಹಾಗೆ ಕೂರೋದಿಲ್ಲ ಅಲ್ವಾ.

ಇನ್ನು ಉಳಿದ ಎರಡು, ವಿಲ್ಲೋ ಮತ್ತು ಆಲ್ಡರ್. ಇವುಗಳ ಕಥೆ ಬೇರೆ ಮಟ್ಟದ್ದು.

ಸುಮಾರು 150 ವರ್ಷ ಇವೆರಡೂ ಒಂದೇ ಹಕ್ಕಿ ಅಂತಲೇ ಎಲ್ಲರೂ ನಂಬಿದ್ದರು. ಹಕ್ಕಿ ಚಿತ್ರಗಳಿಗೆ ಹೆಸರಾದ ಆಡುಬಾನ್ 1828ರಲ್ಲಿ ತನ್ನ ಸ್ಕಾಟಿಷ್ ಗೆಳೆಯ ಥಾಮಸ್ ಟ್ರೇಲ್ ಹೆಸರನ್ನು ಇದಕ್ಕೆ ಇಟ್ಟ. ಟ್ರೇಲ್ಸ್ ಫ್ಲೈಕ್ಯಾಚರ್ ಅಂತ ಪುಸ್ತಕಗಳಲ್ಲಿ ಸೇರಿತು. ಆದರೆ ಹಕ್ಕಿ ಕೇಳುವವರಿಗೆ ಒಂದು ವಿಷಯ ಗೊತ್ತಿತ್ತು. ಟ್ರೇಲ್ಸ್ ಅನ್ನೋ ಹಕ್ಕಿ ಕೆಲವು ಕಡೆ "ಫಿಟ್ಸ್-ಬ್ಯೂ" ಅನ್ನುತ್ತದೆ, ಕೆಲವು ಕಡೆ "ಫೀ-ಬೀ-ಓ" ಅನ್ನುತ್ತದೆ. ಒಂದೇ ಹಕ್ಕಿಯ ಎರಡು ಊರಿನ ಮಾತು ಅಂತ ಸುಮ್ಮನಾಗಬಹುದಿತ್ತು. ರಾಬರ್ಟ್ ಸ್ಟೈನ್ ಎಂಬ ವಿಜ್ಞಾನಿ ಸುಮ್ಮನಾಗಲಿಲ್ಲ. ಎರಡೂ ಹಾಡು ಕೇಳಿಬರುವ ಜಾಗಗಳಲ್ಲಿ ಅವುಗಳ ಬೆನ್ನು ಹತ್ತಿದ, ರೆಕಾರ್ಡ್ ಮಾಡಿದ ಹಾಡುಗಳನ್ನು ಹಕ್ಕಿಗಳಿಗೇ ಕೇಳಿಸಿದ. ಫಿಟ್ಸ್-ಬ್ಯೂ ಹಕ್ಕಿ ಫಿಟ್ಸ್-ಬ್ಯೂ ಕೇಳಿದರೆ ಜಗಳಕ್ಕೆ ಬರುತ್ತದೆ, ಇನ್ನೊಂದಕ್ಕೆ ಅಷ್ಟಾಗಿ ತಲೆ ಕೆಡಿಸಿಕೊಳ್ಳುವುದಿಲ್ಲ. ಅವುಗಳ ಲೆಕ್ಕದಲ್ಲಿ ಅವು ಬೇರೆ ಬೇರೆ. 1963ರಲ್ಲಿ ಆತನ ಕೆಲಸ ಅಚ್ಚಾಯಿತು. ಹತ್ತು ವರ್ಷದ ಮೇಲೆ, 1973ರಲ್ಲಿ, ಅಮೆರಿಕದ ಪಕ್ಷಿಶಾಸ್ತ್ರಜ್ಞರ ಒಕ್ಕೂಟ ಎರಡನ್ನೂ ಬೇರೆ ಮಾಡಿತು. ಫಿಟ್ಸ್-ಬ್ಯೂ ಹಾಡುವುದು ವಿಲ್ಲೋ. ಫೀ-ಬೀ-ಓ ಹಾಡುವುದು ಆಲ್ಡರ್.

ಮನುಷ್ಯರು ಒಪ್ಪಿದರು ಸರಿ, ಆದರೆ ಮೈ ನೋಡಿ ಹೇಳೋದು ಹೇಗೆ? ಇವತ್ತಿಗೂ ಕಷ್ಟವೇ. ಬಲೆ ಹಾಕಿ ಹಕ್ಕಿ ಹಿಡಿದು ಕಾಲಿಗೆ ಉಂಗುರ ತೊಡಿಸುವ ಕೇಂದ್ರಗಳಿವೆ. ಅಲ್ಲಿ ಹಕ್ಕಿ ಅಂಗೈಯಲ್ಲೇ ಇರುತ್ತದೆ. ರೆಕ್ಕೆಯ ಒಂದೊಂದು ಗರಿಯ ಉದ್ದ, ಕೊಕ್ಕಿನ ಉದ್ದ ಎಲ್ಲವನ್ನೂ ಮಿಲಿಮೀಟರ್‌ನಲ್ಲಿ ಅಳೆದು ಸೂತ್ರಕ್ಕೆ ಹಾಕುತ್ತಾರೆ. ಆದರೂ ಎಷ್ಟೋ ಹಕ್ಕಿಗಳು ಎರಡರ ನಡುವೆ ಬೀಳುತ್ತವೆ. ಆಗ ಅವರು ದಾಖಲೆಯಲ್ಲಿ ಹಳೇ ಹೆಸರನ್ನೇ ಬರೆಯುತ್ತಾರೆ: ಟ್ರೇಲ್ಸ್. ಅಧಿಕೃತವಾಗಿ ರದ್ದಾದ ಹೆಸರು, ಆದರೆ ಬಾಯಿ ಬಿಡದ ಹಕ್ಕಿಗೆ ಅದೇ ಗತಿ. ಹಕ್ಕಿ ನೋಡುವವರು ತಮ್ಮ ಪಟ್ಟಿ ಹಾಕುವ ಇ-ಬರ್ಡ್ ಜಾಲತಾಣದಲ್ಲೂ "ಆಲ್ಡರ್ ಅಥವಾ ವಿಲ್ಲೋ" ಅಂತ ಹಾಕುವ ಅವಕಾಶ ಇದೆ. ಕೈಯಲ್ಲಿ ಹಿಡಿದವರೇ ಹೇಳಲಾರದ್ದನ್ನು ಇಪ್ಪತ್ತು ಮೀಟರ್ ದೂರದ ಫೋಟೋ ಹೇಳುತ್ತದಾ?

ನಾನಿರುವ ಓಹಾಯೋದ ಕೊಲಂಬಸ್ ನಗರದ ಸುತ್ತಮುತ್ತ ಹೊಸ ಬಡಾವಣೆಗಳಿಗೆಲ್ಲ ಮಳೆನೀರು ಹಿಡಿಯೋಕೆ ಒಂದೊಂದು ಹೊಂಡ ಇರುತ್ತದೆ. ನಮ್ಮ ಬಡಾವಣೆಗೂ ಇದೆ. ಒಂದು ದಡದಲ್ಲಿ ಹುಲ್ಲು ಕತ್ತರಿಸುತ್ತಾರೆ, ಇನ್ನೊಂದು ದಡವನ್ನು ಪುಣ್ಯಕ್ಕೆ ಹಾಗೇ ಬಿಟ್ಟಿದ್ದಾರೆ. ಅಲ್ಲಿ ವಿಲ್ಲೋ ಪೊದೆ, ಡಾಗ್‌ವುಡ್ ಪೊದೆ ಬೆಳೆದು ನಿಂತಿವೆ. ಮೇ ಮಧ್ಯಭಾಗ ದಾಟುತ್ತಿದ್ದಂತೆ, ವಾರ್ಬ್ಲರ್ ಜಾತ್ರೆಯ ಜನ ಮನೆಗೆ ಹೋದ ಮೇಲೆ, ವಿಲ್ಲೋ ಫ್ಲೈಕ್ಯಾಚರ್ ಬರುತ್ತದೆ. ಚಳಿಗಾಲವನ್ನು ಮೆಕ್ಸಿಕೋದಿಂದ ದಕ್ಷಿಣ ಅಮೆರಿಕದ ಉತ್ತರ ಭಾಗದವರೆಗೆ ಎಲ್ಲೋ ಕಳೆದು ಬಂದಿರುತ್ತದೆ. ಪೊದೆಯ ಎಲ್ಲಕ್ಕಿಂತ ಮೇಲಿನ ಕಡ್ಡಿ ಅದಕ್ಕೆ. ಹಾಡುವಾಗ ನೋಡಬೇಕು. ಮೊದಲು ಗಂಟಲು ಉಬ್ಬುತ್ತದೆ. ಆಮೇಲೆ ತಲೆಯನ್ನು ಝಟ್ಟನೆ ಹಿಂದಕ್ಕೆ ಎಸೆಯುತ್ತದೆ, ಕೊಕ್ಕು ಆಕಾಶ ನೋಡುತ್ತದೆ, ಬಾಯೊಳಗಿನ ಹಳದಿ ಒಂದು ಕ್ಷಣ ಹೊಳೆಯುತ್ತದೆ. ಬಾಲವೂ ಅದರ ಜೊತೆ ಅದುರುತ್ತದೆ. "ಫಿಟ್ಸ್-ಬ್ಯೂ!" ಹಾಡು ಅನ್ನೋದು ದೊಡ್ಡ ಮಾತು, ಯಾರೋ ಕರ್ಚೀಫಿಗೆ ಸೀನಿದ ಹಾಗಿರುತ್ತದೆ. ಫಿಟ್ಸ್ ಅನ್ನೋ ಕಡೆ ಒತ್ತು, ಬ್ಯೂ ಕೆಳಗೆ ಜಾರುತ್ತದೆ. ಮಧ್ಯೆ ಮಧ್ಯೆ "ಕ್ರೀಟ್" ಅಂತ ಒಂದು ಗರಗರ ಸದ್ದು. ಹಾಡದೆ ಇದ್ದಾಗ "ವಿಟ್, ವಿಟ್" ಅಂತ ಒದ್ದೆ ದನಿಯ ಒಂದು ಕರೆ.

ಆಲ್ಡರ್ ನಮ್ಮ ಹೊಂಡದ ಹತ್ತಿರ ನಿಲ್ಲುವುದಿಲ್ಲ. ಮೇ ಕೊನೆಯಲ್ಲಿ ಉತ್ತರಕ್ಕೆ ಹೋಗುವ ದಾರಿಯಲ್ಲಿ ಒಂದೆರಡು ದಿನ ಇಳಿಯುತ್ತದೆ, ಅದೇ ಪೊದೆಯಲ್ಲೇ. ಅದರದ್ದು ಕೆನಡಾ, ಅಲಾಸ್ಕದ ಕಡೆಯ ಸಂಸಾರ. ಅದರ ಹಾಡನ್ನು ಇಲ್ಲಿನವರು "ಫ್ರೀ ಬಿಯರ್!" ಅಂತ ನೆನಪಿಟ್ಟುಕೊಳ್ಳುತ್ತಾರೆ. ಒತ್ತು ಎರಡನೇ ಭಾಗದ ಮೇಲೆ. ಕರೆ "ವಿಟ್" ಅಲ್ಲ, ಚಪ್ಪಟೆಯಾದ "ಪಿಪ್". ಅಕೇಡಿಯನ್ "ಪಿಟ್ಜಾ!" ಅನ್ನುತ್ತದೆ, ಕೊನೆಗೆ ದನಿ ಏರಿಸಿ. ಪಿಟ್ಜಾ ಬೇಕಾದವರು ಕೊಲಂಬಸ್‌ನಿಂದ ಒಂದು ಗಂಟೆ ದಕ್ಷಿಣಕ್ಕೆ ಹಾಕಿಂಗ್ ಹಿಲ್ಸ್‌ಗೆ ಹೋಗಬೇಕು. ಅಲ್ಲಿ ಕಲ್ಲಿನ ಕಮರಿಗಳಲ್ಲಿ, ಹೆಮ್ಲಾಕ್ ಮರಗಳ ನೆರಳಲ್ಲಿ, ಕೆಳಗಿನ ಕೊಂಬೆಯ ಕವಲಿಗೆ ಅಕೇಡಿಯನ್ ಗೂಡು ತೂಗುಹಾಕುತ್ತದೆ. ಗೂಡಿನಿಂದ ಒಣ ನಾರು ಕೆಳಗೆ ಜೋತಾಡುತ್ತಿರುತ್ತದೆ, ಏನೋ ಕಸ ಸಿಕ್ಕಿಕೊಂಡಿದೆ ಅಂದುಕೊಂಡು ಎಷ್ಟೋ ಜನ ಅದರ ಕೆಳಗೇ ನಡೆದು ಹೋಗುತ್ತಾರೆ. ಲೀಸ್ಟ್ ಒಂದೇ ಸಮನೆ "ಚೆಬೆಕ್ ಚೆಬೆಕ್ ಚೆಬೆಕ್" ಅಂತ ಬಾಯಿಪಾಠ ಒಪ್ಪಿಸುತ್ತದೆ. ಹೀಗೆ ಕಿವಿಗೆ ಬಿಟ್ಟರೆ ಐದೂ ಐದು ಕಡೆ ನಿಂತುಬಿಡುತ್ತವೆ. ಕಣ್ಣಿಗೆ ಒಂದೇ ಗುಂಪು.

ಹಾಡು ಅಷ್ಟು ನಂಬಿಕಸ್ಥ ಯಾಕೆ? ಇಲ್ಲಿ ಆ ಕುಟುಂಬದ ವಿಷಯ ಬರುತ್ತದೆ. ಗುಬ್ಬಚ್ಚಿ, ಮಡಿವಾಳ ಹಕ್ಕಿ, ಪಿಕಳಾರ, ಇವೆಲ್ಲ ಹಾಡು ಕಲಿಯುವ ಹಕ್ಕಿಗಳ ಗುಂಪಿನವು. ಮರಿ ದೊಡ್ಡವರನ್ನು ಕೇಳಿ ಕಲಿಯುತ್ತದೆ. ಕಲಿತದ್ದರಲ್ಲಿ ತಪ್ಪಾಗುತ್ತದೆ, ತಪ್ಪು ಊರ ರೂಢಿಯಾಗುತ್ತದೆ, ಹಾಗೆ ಹಕ್ಕಿಗೂ ಧಾರವಾಡ ಮಂಗಳೂರು ಅಂತ ಮಾತಿನ ಧಾಟಿ ಹುಟ್ಟುತ್ತದೆ. ಸ್ಯಾನ್ ಫ್ರಾನ್ಸಿಸ್ಕೋದ ಬಿಳಿಕಿರೀಟದ ಸ್ಪ್ಯಾರೋಗಳ ಪ್ರಾಂತೀಯ ಧಾಟಿಗಳ ಮೇಲೆ ದಶಕಗಳಿಂದ ಕೆಲಸ ನಡೆದಿದೆ. ಟಿರಾನಿಡೇ ಆ ಗುಂಪಿನದಲ್ಲ. ಇವುಗಳ ಹಾಡು ಮೊಟ್ಟೆಯಲ್ಲೇ ಬರುತ್ತದೆ. ಡೊನಾಲ್ಡ್ ಕ್ರೂಡ್ಸ್‌ಮಾ ಎಂಬಾತ ಇದನ್ನು ನಮ್ಮ ಈ ಎರಡೇ ಹಕ್ಕಿಗಳ ಮೇಲೆ ಪರೀಕ್ಷಿಸಿದ. ಆಲ್ಡರ್ ಮತ್ತು ವಿಲ್ಲೋ ಮರಿಗಳನ್ನು ಗೂಡಿನಿಂದ ತಂದು ಕೈತುತ್ತು ಹಾಕಿ ಸಾಕಿದ, ಒಂದರ ಹಾಡನ್ನು ಇನ್ನೊಂದಕ್ಕೆ ಕೇಳಿಸಿದ. ದೊಡ್ಡವಾದ ಮೇಲೆ ಆಲ್ಡರ್ ಆಲ್ಡರ್ ಹಾಡನ್ನೇ ಹಾಡಿತು, ವಿಲ್ಲೋ ವಿಲ್ಲೋದನ್ನೇ. ಪಾಠ ಮಾಡಿದ್ದೆಲ್ಲ ವ್ಯರ್ಥ. 1984ರಲ್ಲಿ ಅಚ್ಚಾದ ಕೆಲಸ ಇದು. ಎಂಪಿಡ್‌ಗಳ ಬಗ್ಗೆ ನಾನು ಓದಿದ್ದರಲ್ಲಿ ನನಗೆ ಅತಿ ಇಷ್ಟವಾದದ್ದು.

ಹಾಗಾಗಿ ಓಹಾಯೋದ ಫಿಟ್ಸ್-ಬ್ಯೂ ಕೇಳಿ ಕಲಿತವರು ಒರೆಗಾನ್‌ಗೆ ಹೋದರೂ ಗುರುತು ಹಿಡಿಯಬಹುದು. ಕಾರ್ನೆಲ್ ವಿಶ್ವವಿದ್ಯಾಲಯದವರು 2021ರಲ್ಲಿ ಹಕ್ಕಿ ಗುರುತಿಸುವ ತಮ್ಮ ಮರ್ಲಿನ್ ಆ್ಯಪ್‌ಗೆ ದನಿ ಗುರುತಿಸುವ ಸೌಲಭ್ಯ ಸೇರಿಸಿದ ಮೇಲಂತೂ ಫೋನೇ ಹೇಳುತ್ತದೆ. ಆದರೂ ಆ್ಯಪ್ ಹೇಳಿತು ಅಂತ ಕಣ್ಣುಮುಚ್ಚಿ ಬರೆದುಕೊಳ್ಳುವುದು ನನಗೆ ಒಪ್ಪಿಗೆ ಇಲ್ಲ. ಹಾಡಿಗೆ ಸರಿ, ಒಂಟಿ "ವಿಟ್"ಗೆ ಅಲ್ಲ. ಲೀಸ್ಟ್ ಕೂಡ ಒಣಗಿದ ದನಿಯಲ್ಲಿ "ವಿಟ್" ಅನ್ನುತ್ತದೆ. ಆ್ಯಪ್ ತೋರಿಸುವ, ದನಿಯ ಏರಿಳಿತದ ಗೆರೆಚಿತ್ರವನ್ನು ಉಳಿಸಿಟ್ಟುಕೊಂಡು ಮನೆಗೆ ಬಂದು ನಿಧಾನಕ್ಕೆ ಹೋಲಿಸಿ ನೋಡುವುದು ಒಳ್ಳೆಯದು.

ಟಿರಾನಿಡೇ ಕುಟುಂಬವೂ ಸೇರಿರುವ, ಹಾಡು ಕಲಿಯುವ ಹಕ್ಕಿಗಳಿಂದ ಬೇರೆಯಾದ ದೊಡ್ಡ ಗುಂಪಿನ ಒಬ್ಬರು ನೆಂಟರು ನಮ್ಮ ಕಡೆಗೂ ಬರುತ್ತಾರೆ, ನವರಂಗ. ಚಳಿಗಾಲದಲ್ಲಿ ಕರ್ನಾಟಕದ ಕಾಡು ತೋಟಗಳಲ್ಲಿ ಮುಂಜಾನೆ ಮುಸ್ಸಂಜೆ ಎರಡು ಸ್ವರದ ಸಿಳ್ಳೆ ಹಾಕುವ ಆ ಹಕ್ಕಿ, ದಕ್ಷಿಣ ಭಾರತಕ್ಕೆ ಬರುವ ಹಕ್ಕಿಗಳಲ್ಲಿ ಎಂಪಿಡ್‌ಗಳ ಈ ದೊಡ್ಡ ಗುಂಪಿಗೆ ಸೇರಿದ ಏಕೈಕ ಹಕ್ಕಿ. ಒಂಬತ್ತು ಬಣ್ಣದ ಆ ಸುಂದರಾಂಗನಿಗೂ ಈ ಮಾಸಲು ಬಟ್ಟೆಯವರಿಗೂ ದೂರದ ರಕ್ತಸಂಬಂಧ ಅಂದರೆ ನಂಬೋದು ಕಷ್ಟ. ಆದರೆ ಗುರುತಿಸುವ ಕಷ್ಟದ ಲೆಕ್ಕದಲ್ಲಿ ನಮ್ಮಲ್ಲಿ ಎಂಪಿಡ್‌ಗೆ ಜೋಡಿ ಅಂದರೆ ಚಳಿಗಾಲದ ಎಲೆ ಉಲಿಯಕ್ಕಿಗಳು. ಪಶ್ಚಿಮ ಘಟ್ಟದ ಮರದ ತುದಿಯಲ್ಲಿ ಹಸಿರು ಎಲೆಗಳ ನಡುವೆ ಹಸಿರು ಹಕ್ಕಿ, ಕೆಳಗಿನಿಂದ ನೋಡಿದರೆ ಬಿಳಿ ಹೊಟ್ಟೆ ಮಾತ್ರ. ಕೂಗಿದಾಗಲೇ ಹೆಸರು. ಗಿಲ್ಬರ್ಟ್ ವೈಟ್ ಎಂಬ ಇಂಗ್ಲಿಷ್ ಪಾದ್ರಿ ಇದೇ ಕುಲದ ಮೂರು ಹಕ್ಕಿಗಳನ್ನು 1768ರ ಹೊತ್ತಿಗೇ ಹಾಡಿನಿಂದ ಬೇರೆ ಮಾಡಿದ್ದ. ಈಗಿನಂಥ ದುರ್ಬೀನು ಇಲ್ಲದ ಕಾಲ. ಪಕ್ಕದ ಪೊದೆಯನ್ನು ದಿನಾ ಕೇಳಿಸಿಕೊಳ್ಳುತ್ತಿದ್ದ, ಅಷ್ಟೆ.

ಕಾನೂನಿನ ಮಾತಿಗೆ ಬರುತ್ತೇನೆ. ಅರಿಜೋನಾ, ನ್ಯೂ ಮೆಕ್ಸಿಕೋ ಕಡೆ ವಿಲ್ಲೋ ಫ್ಲೈಕ್ಯಾಚರ್‌ನ ಒಂದು ಉಪಜಾತಿ ಇದೆ. ಅಣೆಕಟ್ಟು ಕಟ್ಟಿ ನೀರು ತಿರುಗಿಸಿ ನದಿ ದಂಡೆಯ ವಿಲ್ಲೋ ಪೊದೆಗಳು ಒಣಗಿದವು, ಹಕ್ಕಿ ಕಡಿಮೆಯಾಯಿತು. 1995ರಲ್ಲಿ ಕೇಂದ್ರ ಸರ್ಕಾರ ಅದನ್ನು ಅಳಿವಿನಂಚಿನ ಪಟ್ಟಿಗೆ ಸೇರಿಸಿತು. ವಿಲ್ಲೋ ಹೋದ ಜಾಗದಲ್ಲಿ ಹೊರದೇಶದ ಟ್ಯಾಮರಿಸ್ಕ್ ಪೊದೆ ಹಬ್ಬಿತ್ತು, ಹಕ್ಕಿ ಅದರಲ್ಲೇ ಗೂಡು ಕಟ್ಟಲು ಕಲಿತಿತ್ತು. ಆ ಪೊದೆಯನ್ನು ಕೊಲ್ಲಲು ಎಲೆ ತಿನ್ನುವ ಜೀರುಂಡೆ ತಂದು ಬಿಟ್ಟರು. ಜೀರುಂಡೆ ಗೂಡಿರುವ ಪೊದೆಯನ್ನೂ ಬೋಳು ಮಾಡಿತು. 2010ರಲ್ಲಿ ಕೃಷಿ ಇಲಾಖೆ ಆ ಕಾರ್ಯಕ್ರಮ ನಿಲ್ಲಿಸಿತು. ಇಂಥ ಕಡೆ ಒಂದು ದಂಡೆಯಲ್ಲಿ ಈ ಹಕ್ಕಿ ಇದೆಯೋ ಇಲ್ಲವೋ ಅನ್ನೋದರ ಮೇಲೆ ದೊಡ್ಡ ದೊಡ್ಡ ಯೋಜನೆಗಳ ಹಣೆಬರಹ ನಿಂತಿರುತ್ತದೆ. ಸಮೀಕ್ಷೆಗೆ ಹೋಗುವವರಿಗೆ ನಿಯಮ ಏನು ಗೊತ್ತಾ? ನೋಡಿದರೆ ಸಾಲದು. ಫಿಟ್ಸ್-ಬ್ಯೂ ಕೇಳಿರಬೇಕು. ಕೇಳಿದ್ದರೂ ಮೇ ತಿಂಗಳದ್ದಾದರೆ ಸಾಲದು, ಉತ್ತರಕ್ಕೆ ಹೋಗುವ ಬೇರೆ ಉಪಜಾತಿಯವೂ ದಾರಿಯಲ್ಲಿ ಹಾಡುತ್ತವೆ. ಬೇಸಿಗೆ ನಡುವೆ ಮತ್ತೆ ಹೋಗಿ, ಅಲ್ಲೇ ಇದೆ ಅಂತ ಖಾತ್ರಿ ಮಾಡಿಕೊಳ್ಳಬೇಕು. ಸೀನಿದಂಥ ಆ ಒಂದು ಹಾಡು ಕೇಳಿಬಂದರೆ ಬುಲ್ಡೋಜರ್ ನಿಂತು ಯೋಚಿಸಬೇಕಾಗುತ್ತದೆ.

ಹಾಗಂತ ಕಿವಿಯನ್ನು ದೇವರು ಮಾಡೋದೂ ಬೇಡ. ಪಶ್ಚಿಮದಲ್ಲಿ ವೆಸ್ಟರ್ನ್ ಫ್ಲೈಕ್ಯಾಚರ್ ಅಂತ ಒಂದಿತ್ತು. 1989ರಲ್ಲಿ ಅದನ್ನು ಪೆಸಿಫಿಕ್-ಸ್ಲೋಪ್ ಮತ್ತು ಕಾರ್ಡಿಲ್ಲೆರನ್ ಅಂತ ಎರಡು ಮಾಡಿದರು. ಗಂಡಿನ ಕರೆಯಲ್ಲಿನ ವ್ಯತ್ಯಾಸ ಅದಕ್ಕೆ ಒಂದು ಮುಖ್ಯ ಆಧಾರ. ಕರಾವಳಿಯಲ್ಲಿ ಒಂದು ಥರ, ರಾಕಿ ಬೆಟ್ಟಗಳಲ್ಲಿ ಇನ್ನೊಂದು ಥರ. ಆದರೆ ನಡುವಿನ ಪ್ರದೇಶದಲ್ಲಿ ಅದೂ ಅಲ್ಲದ ಇದೂ ಅಲ್ಲದ ಕರೆಗಳು ಸಿಗುತ್ತಾ ಹೋದವು, ಎರಡೂ ಕೂಡಿ ಮರಿ ಮಾಡುವುದೂ ಗೊತ್ತಾಯಿತು. 2023ರಲ್ಲಿ ಮತ್ತೆ ಒಂದು ಮಾಡಿದರು. ಎರಡನ್ನೂ ನೋಡಿ ಪಟ್ಟಿಯಲ್ಲಿ ಬರೆದುಕೊಂಡಿದ್ದವರ ಲೆಕ್ಕದಲ್ಲಿ ರಾತ್ರೋರಾತ್ರಿ ಒಂದು ಹಕ್ಕಿ ಕಡಿಮೆ. ನನಗೆ ಇದರಲ್ಲಿ ಬೇಜಾರು ಏನೂ ಇಲ್ಲ. ಹಕ್ಕಿಗಳು ಬದಲಾಗಲಿಲ್ಲ, ನಮ್ಮ ಪಟ್ಟಿ ತಾನೇ.

ಕಷ್ಟ ಶುರುವಾಗೋದು ಆಗಸ್ಟ್‌ನಲ್ಲಿ. ಹಾಡು ನಿಲ್ಲುತ್ತದೆ. ಉತ್ತರದಿಂದ ಎಲ್ಲ ಎಂಪಿಡ್‌ಗಳೂ ವಾಪಸ್ ಹೊರಡುತ್ತವೆ, ಒಂದೂ ಬಾಯಿ ಬಿಡುವುದಿಲ್ಲ. ಈ ಕಾಲಕ್ಕೆ ಕಣ್ಣಿಗೆ ಉಳಿದಿರುವ ಒಂದು ಒಳ್ಳೇ ಸುಳಿವು ಗರಿಯ ಸವೆತ. ಬೆಳೆದ ಅಕೇಡಿಯನ್ ಹಕ್ಕಿಗಳು ಇಲ್ಲೇ ಗರಿ ಬದಲಾಯಿಸಿಕೊಂಡು ಹೊಸ ಬಟ್ಟೆಯಲ್ಲಿ ಹೊರಡುತ್ತವೆ. ಬೆಳೆದ ಲೀಸ್ಟ್‌ಗಳು ಹಳೇ ಗರಿಯಲ್ಲೇ, ಜುಲೈಯಲ್ಲೇ ಹೊರಟುಬಿಡುತ್ತವೆ, ಚಳಿಗಾಲದ ಊರಿಗೆ ಹೋದ ಮೇಲೆ ಬದಲಾವಣೆ. ಹಾಗಾಗಿ ಆಗಸ್ಟ್‌ನಲ್ಲಿ ಸವೆದ ರೆಕ್ಕೆಯ ಎಂಪಿಡ್ ಕಂಡರೆ ಅಕೇಡಿಯನ್ ಅನ್ನುವ ಮುಂಚೆ ಎರಡು ಸಲ ಯೋಚಿಸಬೇಕು. ಆದರೆ ಆ ವರ್ಷದ ಮರಿಗಳಿಗೆ ಎಲ್ಲಾ ಹೊಸ ಗರಿಯೇ, ಯಾವ ಪ್ರಭೇದದ್ದಾದರೂ ಸರಿ. ರೆಕ್ಕೆ ಪಟ್ಟಿ ತುಪ್ಪದ ಬಣ್ಣಕ್ಕಿದ್ದರೆ ಮರಿ ಅಂತ ಗೊತ್ತಾಗುತ್ತದೆ, ಯಾವುದರ ಮರಿ ಅಂತ ಗೊತ್ತಾಗೋದಿಲ್ಲ.

ಸೆಪ್ಟೆಂಬರ್‌ನಲ್ಲಿ ಊರಿನ ಗುಂಪಿಗೆ ಇಂಥ ಒಂದು ಚಿತ್ರ ಕಳಿಸಿದರೆ "ಎಷ್ಟು ಚೆನ್ನಾಗಿ ಬಂದಿದೆ, ಯಾವುದು ಸರ್?" ಅಂತ ಕೇಳುತ್ತಾರೆ. ಎಂಪಿಡೊನ್ಯಾಕ್ಸ್, ಅಷ್ಟೆ ಅನ್ನುತ್ತೇನೆ. ಅದನ್ನು ಯಾರೂ ಉತ್ತರ ಅಂತ ಒಪ್ಪೋದಿಲ್ಲ. ಕೊಕ್ಕು ಜೂಮ್ ಮಾಡಿ, ಉಂಗುರ ಜೂಮ್ ಮಾಡಿ, ರೆಕ್ಕೆಯ ಮೇಲೆ ಕೆಂಪು ಬಾಣ ಎಳೆದು ಕಳಿಸುತ್ತಾರೆ. ಒಬ್ಬರು ಲೀಸ್ಟ್ ಅನ್ನುತ್ತಾರೆ, ಇನ್ನೊಬ್ಬರು ಆಲ್ಡರ್. ಕೂಗಿತಾ ಅಂತ ಕೇಳಿದವರು ಇನ್ನೂ ಒಬ್ಬರೂ ಇಲ್ಲ.